ಗುಡ್ಡಕ್ಕೂ ಬೇಕು ಮಳೆಗಾಲದ ವೇಳಾಪಟ್ಟಿ

ಮಳೆ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗೋವಾದಿಂದ ಕೊಡಗಿನ ತನಕ ಒಂದೇ ಬಗೆಯ ಸುದ್ದಿ ಶುರುವಾಗುತ್ತದೆ. ಮೊದಲ ದಿನ: ಜಲಪಾತ ನೋಡಲು ಹೋದ ಇಬ್ಬರು ಯುವಕರು ನೀರುಪಾಲು. ಎರಡನೆಯ ದಿನ: ಜಿಲ್ಲೆಯ ಜಲಪಾತ, ಬೆಟ್ಟಗಳಿಗೆ ಪ್ರವೇಶ ನಿಷೇಧ. ಮೂರನೆಯ ದಿನ ಓದುಗರ ಪತ್ರ: ನಿಷೇಧ ಸ್ವಾಗತಾರ್ಹ, ಮೀರಿ ಹೋಗುವ ಪುಂಡರಿಗೆ ತಕ್ಕ ಶಾಸ್ತಿಯಾಗಲಿ. ಆ ಇಬ್ಬರು ಎಷ್ಟು ಗಂಟೆಗೆ ನೀರಿಗಿಳಿದರು, ಆ ಹೊತ್ತಿಗೆ ಮೇಲಿನ ಕಾಡಿನಲ್ಲಿ ಎಷ್ಟು ಮಳೆ ಬಿದ್ದಿತ್ತು, ಮೇಲೆ ಬಿದ್ದ ಮಳೆ ಕೆಳಗಿನ ಹೊಳೆಯನ್ನು ಉಕ್ಕಿಸಲು ಎಷ್ಟು ಹೊತ್ತು ಬೇಕು, ಅದನ್ನು ಹೇಳುವವರು ಯಾರಾದರೂ ಅಲ್ಲಿದ್ದರೇ? ಇಂಥ ಸುದ್ದಿ ಮಾತ್ರ ನಾಲ್ಕನೆಯ ದಿನವೂ ಬರುವುದಿಲ್ಲ, ನಲವತ್ತನೆಯ ದಿನವೂ ಬರುವುದಿಲ್ಲ.

2023ರ ಜುಲೈನಲ್ಲಿ ಇದು ತಮಾಷೆಯ ಮಟ್ಟಕ್ಕೆ ಹೋಯಿತು. ಸಾಂಗೆ ತಾಲ್ಲೂಕಿನ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತರು. ಅಭಯಾರಣ್ಯದೊಳಗಿನ ಜಲಪಾತಗಳಿಗೆ ಗೋವಾದ ಅರಣ್ಯ ಇಲಾಖೆ ಬಾಗಿಲು ಹಾಕಿತು. ಮುಂದಿನ ಭಾನುವಾರ ದೂಧ್‌ಸಾಗರ ನೋಡಲು ರೈಲಿನಲ್ಲಿ ಬಂದಿಳಿದ ನೂರಾರು ಹುಡುಗರನ್ನು, ಅವರಲ್ಲಿ ಕರ್ನಾಟಕದಿಂದ ಹೋದವರೂ ಇದ್ದರು, ತಡೆದು ಹಳಿಯ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಕಿವಿ ಹಿಡಿಸಿ ಬಸ್ಕಿ ಹೊಡೆಸಲಾಯಿತು. ಆ ವಿಡಿಯೊ ದೇಶವೆಲ್ಲ ಓಡಾಡಿತು. ನಮ್ಮ ವಾಸ್ಕೋದ ಚಹಾದಂಗಡಿಗಳಲ್ಲಿ ಜನ ಅದನ್ನು ಒಬ್ಬರಿಗೊಬ್ಬರು ತೋರಿಸಿ ನಕ್ಕರು. ಬೋಗಿಯೊಳಗೆ ಕೂತೇ ದೂಧ್‌ಸಾಗರದ ಸೊಬಗು ಸವಿಯಿರಿ ಎಂದು ನೈಋತ್ಯ ರೈಲ್ವೆ ಬುದ್ಧಿ ಹೇಳಿತು. ಹಳಿಯ ಮೇಲೆ ನಡೆಯುವುದು ಅಪರಾಧ. ಆ ಮಾತಿನಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಘಟ್ಟದಲ್ಲಿ 37 ಅಡಿಗೆ ಒಂದು ಅಡಿ ಏರುವ ಹಳಿ, ಸಾಲು ಸಾಲು ಸುರಂಗ, ಮಳೆಯ ಸದ್ದಿನಲ್ಲಿ ಬೆನ್ನ ಹಿಂದೆ ಬರುವ ಗೂಡ್ಸ್ ಗಾಡಿ ಕೇಳಿಸುವುದೂ ಇಲ್ಲ. ಅಲ್ಲಿ ನಡೆಯಬಾರದು. ಸರಿ. ಹಾಗಾದರೆ ನಡೆಯುವುದಕ್ಕೆ ಎಲ್ಲಿದೆ ದಾರಿ? ಅದು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟು ಮಳೆಗೆ ಮುಚ್ಚುತ್ತದೆ? ಬಸ್ಕಿ ಹೊಡೆಸಿದವರ ಬಳಿಯೂ ಇದಕ್ಕೆ ಉತ್ತರವಿರಲಿಲ್ಲ, ನಕ್ಕವರ ಬಳಿಯೂ ಇರಲಿಲ್ಲ.

ನಿಷೇಧವೇ ಸುರಕ್ಷತೆ ಎಂಬ ಈ ನಂಬಿಕೆ ಈಗ ಅಧಿಕಾರಿಗಳದ್ದು ಮಾತ್ರವಲ್ಲ, ಸಜ್ಜನರೆಲ್ಲರದ್ದೂ ಆಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಬೆಟ್ಟಕ್ಕೆ ಹೋಗುವ ದಿನವನ್ನು ಗಂಟೆ, ಮಳೆ, ಬೆಳಕು, ದೂರ ಇವುಗಳ ಲೆಕ್ಕ ಹಾಕಿ ಹೊಂದಿಸುವುದು ಒಂದು ಕೆಲಸ. ಆ ಕೆಲಸವನ್ನು ಮಾಡಲಾರದ ಆಡಳಿತ ಅದರ ಜಾಗದಲ್ಲಿ ನಿಷೇಧದ ಆದೇಶ ಹೊರಡಿಸುತ್ತದೆ. ಅದೇ ಕೆಲಸವನ್ನು ಮಾಡಲಾರದ ಹುಡುಗ ಅದರ ಜಾಗದಲ್ಲಿ ಧೈರ್ಯವನ್ನು ಇಡುತ್ತಾನೆ. ಇಬ್ಬರೂ ಜಗಳವಾಡುವವರಂತೆ ಕಂಡರೂ ಲೆಕ್ಕ ಹಾಕಬಾರದೆಂಬ ವಿಷಯದಲ್ಲಿ ಇಬ್ಬರದೂ ಒಂದೇ ಮಾತು.

ನಾನಿರುವುದು ಮುರ್ಮುಗಾಂವ್ ಬಂದರಿನ ಬೆನ್ನಿಗೆ. ಬೈನಾ, ಸಡಾ, ಜುವಾರಿನಗರ, ಎಲ್ಲಿ ಹೋದರೂ ವಿಜಯಪುರ, ಗದಗ, ಕೊಪ್ಪಳದ ಕನ್ನಡ ಕಿವಿಗೆ ಬೀಳುವ ಊರಿದು. ಅಪಾಯದ ಜೊತೆ ಹೇಗೆ ಬದುಕಬೇಕೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ಅರಬ್ಬಿ ಸಮುದ್ರ ಮಳೆಗಾಲದಲ್ಲಿ ಘಟ್ಟದ ಯಾವ ಹೊಳೆಗೂ ಕಡಿಮೆಯ ಕೊಲೆಗಾರನಲ್ಲ. ಹಾಗಂತ ಜೂನ್ ಒಂದಕ್ಕೆ ಬಂದರಿಗೆ ಬೀಗ ಹಾಕುವುದಿಲ್ಲ. ಬಂದರಿನ ಎಚ್ಚರಿಕೆಯ ಸಂಕೇತಗಳಿಗೆ 1ರಿಂದ 11ರ ತನಕ ಸಂಖ್ಯೆಗಳಿವೆ. ದೂರದ ಸಮುದ್ರದಲ್ಲಿ ವಾಯುಭಾರ ಕುಸಿದಿದ್ದರೆ ಒಂದು. ಬಂದರಿಗೇ ಬಿರುಗಾಳಿ ತಟ್ಟುವಂತಿದ್ದರೆ ಮೂರು, ಮಳೆಗಾಲದ ಪತ್ರಿಕೆಗಳಲ್ಲಿ ನಾವು ಎಷ್ಟೋ ಸಲ ಓದಿರುವ ‘ಮೂರನೇ ನಂಬರಿನ ಸಂಕೇತ’ ಇದೇ. ಎಂಟು, ಒಂಬತ್ತು, ಹತ್ತು ಮಹಾ ಅಪಾಯ. ನನಗೆ ಇವೆಲ್ಲದರಲ್ಲಿ ಮೆಚ್ಚುಗೆಯಾಗುವುದು ಹನ್ನೊಂದನೆಯದು. ಹವಾಮಾನ ಕಚೇರಿಯ ಜೊತೆ ಸಂಪರ್ಕ ಕಡಿದುಹೋಗಿದೆ, ಹವೆ ಕೆಡಬಹುದೆಂದು ಸ್ಥಳೀಯ ಅಧಿಕಾರಿಗೆ ಅನಿಸುತ್ತಿದೆ ಎಂಬುದು ಅದರ ಅರ್ಥ. ನಮಗೆ ಗೊತ್ತಿಲ್ಲ ಎಂದು ಹೇಳುವುದಕ್ಕೂ ಬಂದರಿನವರು ಒಂದು ಸಂಕೇತ ಇಟ್ಟುಕೊಂಡಿದ್ದಾರೆ!

ಇದೇ ನೀರಿನ ಇನ್ನೊಂದು ಪದ್ಧತಿ. ಮಳೆಗಾಲದಲ್ಲಿ ಮಾಂಡವಿ ಸಮುದ್ರ ಸೇರುವ ಆಗ್ವಾದದ ಅಳಿವೆಯಲ್ಲಿ ಮರಳದಿಬ್ಬ ಮತ್ತು ಅಲೆಗಳ ಕಾಟದಿಂದ ಬಾರ್ಜ್‌ಗಳು ದಾಟುವಂತಿಲ್ಲ. ಬಾರ್ಜ್‌ಗಳನ್ನು ನಾಲ್ಕು ತಿಂಗಳು ಕಟ್ಟಿಹಾಕಿದರೇ? ಇಲ್ಲ, ಕುಂಬಾರ್‌ಜುವೆ ಕಾಲುವೆಯ ಒಳದಾರಿ ಹಿಡಿದು ಜುವಾರಿಗೆ ಬಂದು ಅಲ್ಲಿಂದ ಬಂದರು ಸೇರುವುದು ರೂಢಿಯಾಯಿತು. ಒಂದು ಬಾಯಿ ಮುಚ್ಚಿದಾಗ ಇನ್ನೊಂದನ್ನು ತೋರಿಸಿದರು.

ಇನ್ನು ಕೊಂಕಣ ರೈಲ್ವೆಯನ್ನು ನೋಡಿ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದ ಗುಡ್ಡಕ್ಕೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮಳೆಗಾಲದಲ್ಲಿ ಈ ದಾರಿಯ ರೈಲುಗಳನ್ನೆಲ್ಲ ನಿಲ್ಲಿಸಿಬಿಡಿ ಎಂದು ಯಾರೂ ಹೇಳಲಿಲ್ಲ. ಗುಡ್ಡದ ಇಳಿಜಾರು ಸರಿಪಡಿಸಿದರು, ಬಲೆ ಹೊದಿಸಿದರು, ಮಳೆಯಲ್ಲಿ ಹಳಿ ಕಾಯಲು ಗಸ್ತಿನವರನ್ನು ಹಾಕಿದರು. ಜುವಾರಿ ಸೇತುವೆ, ಹೊನ್ನಾವರದ ಶರಾವತಿ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿದರು. ಜೊತೆಗೆ ಪ್ರತಿವರ್ಷ ‘ಮಳೆಗಾಲದ ವೇಳಾಪಟ್ಟಿ’ ಬರುತ್ತದೆ. ಅದೇ ರೈಲು, ಅದೇ ಹಳಿ. ಹೊರಡುವ ಗಂಟೆ ಬೇರೆ, ತಲುಪುವ ಗಂಟೆ ಬೇರೆ. ಮುಂದಿನದು ಕಾಣದಷ್ಟು ಮಳೆ ಸುರಿದರೆ ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕೆಂದು ಲೋಕೊ ಪೈಲಟ್‌ಗೆ ಅಪ್ಪಣೆ. ನಿಧಾನವಾಯಿತೆಂದು ನಾವು ಗೊಣಗುತ್ತೇವೆ, ಆದರೂ ಟಿಕೆಟ್ ತೆಗೆಯುತ್ತೇವೆ. ಸಾವಿರಾರು ಜನರನ್ನು ಹೊತ್ತ ರೈಲಿಗೆ ಮಳೆಗಾಲದ ವೇಳಾಪಟ್ಟಿ ಮಾಡಲು ಬರುವ ದೇಶಕ್ಕೆ ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೊರಟ ಹತ್ತು ಜನರಿಗೆ ಅದನ್ನು ಮಾಡಲು ಬರುವುದಿಲ್ಲವೇ?

ಬರುವುದಿಲ್ಲ ಅಂತಲ್ಲ, ಬೇಕಿಲ್ಲ. ರೈಲು ನಿಂತರೆ ನಷ್ಟ. ನಡೆಯುವವನು ನಿಂತರೆ ಯಾರಿಗೂ ಏನೂ ಹೋಗುವುದಿಲ್ಲ. ನಡಿಗೆ ಎಂಬುದು ಸೋಂಬೇರಿಗಳ, ಸೊಕ್ಕಿನವರ ಚಟ ಎಂಬ ಹಳೆಯ ತಾತ್ಸಾರ ಇದರ ಹಿಂದಿದೆ. ರೊಕ್ಕಿದ್ದವನು ಗೋಕರ್ಣಕ್ಕೆ, ಸೊಕ್ಕಿದ್ದವನು ಯಾಣಕ್ಕೆ ಎಂದು ಉತ್ತರ ಕನ್ನಡದ ಗಾದೆಯೇ ಇದೆಯಲ್ಲ. ಆ ಗಾದೆ ಹುಟ್ಟಿದ ಕಾಲಕ್ಕೆ ಅದರಲ್ಲಿ ಗೌರವವೂ ಇತ್ತೆಂದು ನನ್ನ ಊಹೆ. ಯಾಣಕ್ಕೆ ಕಾಡು, ಹಳ್ಳ ದಾಟಿ ಮೈಲಿಗಟ್ಟಲೆ ನಡೆದೇ ಹೋಗಬೇಕಾಗಿದ್ದ ಕಾಲ ಅದು. ಈಗ ಸೊಕ್ಕು ಮಾತ್ರ ಉಳಿದಿದೆ, ಅದೂ ಬೈಗುಳವಾಗಿ.

ಯಾಣದ ಮಾತು ಬಂತಲ್ಲ, ಅದನ್ನೇ ಹಿಡಿದು ನೋಡೋಣ. ಗೋವಾದ ಕನ್ನಡಿಗರ ಭಾನುವಾರದ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ. ‘ನಮ್ಮೂರ ಮಂದಾರ ಹೂವೆ’ ಸಿನಿಮಾದಲ್ಲಿ ಆ ಕರಿಬಂಡೆಗಳನ್ನು ನೋಡಿದ ತಲೆಮಾರು ಈಗ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದೆ. ನಮ್ಮ ಓಣಿಯ ಟೆಂಪೊ ಟ್ರಾವೆಲರ್ ಚಾಲಕ ಕಳೆದ ಮಳೆಗಾಲದಲ್ಲಿ ಸೀಟು ತುಂಬಿಸುತ್ತ ನನಗೂ ಫೋನು ಮಾಡಿದ್ದ. ಮುಂಜಾನೆ ಏಳಕ್ಕೆ ಬಿಡೂದು, ಯಾಣ, ಆಮೇಲೆ ವಿಭೂತಿ ಜಲಪಾತ, ಸಂಜಿಕ್ಕೆ ಗೋಕರ್ಣದ ಓಂ ಬೀಚು, ರಾತ್ರಿ ಊಟಕ್ಕ ಮನಿ. ಎಷ್ಟೊತ್ತಿಗೆ ಎಲ್ಲಿರ್ತೀವಿ, ಮಳಿ ಜೋರಾದ್ರ ಯಾವುದನ್ನ ಬಿಡ್ತೀವಿ ಅಂತ ಏನರ ಬರದಿಯೇನಪಾ ಅಂದೆ. “ಅಣ್ಣಾರ, ಒಂದ ದಿನದ್ದ ಐತಿ. ಅದಕ್ಕೇನ ಪ್ಲಾನ್ ಮಾಡೂದು? ಮದಿವಿ ಐತೇನು?” ಅಂದ.

ಅವನ ಮಾತಿಗೆ ಕರಾವಳಿಯ, ಮಲೆನಾಡಿನ ಯಾವ ವಾಟ್ಸ್‌ಆ್ಯಪ್ ಗುಂಪೂ ತಲೆಯಾಡಿಸುತ್ತದೆ. ಮೂರು ಜಾಗದ ಹೆಸರು ಬರೆದರೆ ಅದು ಪಟ್ಟಿ, ಯೋಜನೆಯಲ್ಲ. ವಾಸ್ಕೋದಿಂದ ಯಾಣಕ್ಕೆ ಮಡಗಾಂವ್, ಕಾಣಕೋಣ, ಕಾರವಾರ, ಅಂಕೋಲಾ, ಕುಮಟಾ ಕಡೆಯ ದಾರಿ ಹಿಡಿದರೆ ಹೆಚ್ಚುಕಡಿಮೆ 200 ಕಿ.ಮೀ. ಮಳೆಯಲ್ಲಿ, ಚಹಾಕ್ಕೆ ನಿಂತು ಹೋದರೆ ಐದು ತಾಸು. ಏಳಕ್ಕೆ ಹೊರಟರೆ ಮುಟ್ಟುವುದು ಮಧ್ಯಾಹ್ನ ಹನ್ನೆರಡಕ್ಕೆ. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗಿನ ಹಳ್ಳಗಳು ಏರುವುದು ಮಧ್ಯಾಹ್ನದ ಮೇಲೆಯೇ ಆಗಬೇಕೆಂದಿಲ್ಲ, ಆದರೆ ತಡವಾಗಿ ತಲುಪಿದವನಿಗೆ ಕಾಯುವಷ್ಟು ಹೊತ್ತು ಉಳಿದಿರುವುದಿಲ್ಲ. ಅವನು ಏರಿದ ಹಳ್ಳವನ್ನೇ ದಾಟುತ್ತಾನೆ. ಸಾಯುವುದು ಅಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಹೊರಟವನಿಗೆ ಹಳ್ಳದ ದಂಡೆಯಲ್ಲಿ ಎರಡು ತಾಸು ಕೂತು ಅವಲಕ್ಕಿ ತಿನ್ನುವ ಪುರುಸೊತ್ತಿರುತ್ತದೆ. ಹೊರಡುವ ಗಂಟೆಯೊಂದನ್ನು ಬದಲಿಸಿದರೆ ಎಷ್ಟು ಧೈರ್ಯದ ಅಗತ್ಯವೇ ಇಲ್ಲದಾಗುತ್ತದೆ ನೋಡಿ. ಇನ್ನು ಹಿಂದಿರುಗುವ ಗಂಟೆ. ಜುಲೈನಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿಗೆ, ಆದರೆ ಮೋಡ ಕವಿದ ಕಾಡಿನಲ್ಲಿ ಐದೂವರೆಗೇ ಕಾಲ ಕೆಳಗಿನ ಬೇರು ಕಾಣದು. ಆದ್ದರಿಂದ ಎಲ್ಲಿದ್ದರೂ, ಏನು ನೋಡುವುದು ಉಳಿದಿದ್ದರೂ, ಮಧ್ಯಾಹ್ನ ಎರಡಕ್ಕೆ ಬೆನ್ನು ತಿರುಗಿಸಬೇಕು. ವಿಭೂತಿಯೋ ಓಂ ಬೀಚೋ, ಒಂದನ್ನು ವಾಸ್ಕೋದಲ್ಲೇ ಪಟ್ಟಿಯಿಂದ ಹೊಡೆದು ಹಾಕಿರಬೇಕು. ಇಷ್ಟೂ ಒಂದು ಚೀಟಿಯ ಹಿಂಬದಿಯಲ್ಲಿ ಹಿಡಿಯುತ್ತದೆ.

ಯಾಣದ ಬಂಡೆಯ ಗುಣವೂ ಆ ಚೀಟಿಯಲ್ಲಿ ಒಂದು ಸಾಲು ಬೇಡುತ್ತದೆ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಸುಣ್ಣಕಲ್ಲು. ಭಸ್ಮಾಸುರ ಸುಟ್ಟ ಬೂದಿಯಿಂದ ಸುತ್ತಲಿನ ಮಣ್ಣು ಕಪ್ಪಾಯಿತು ಎಂದು ಸ್ಥಳಪುರಾಣ ಹೇಳುತ್ತದೆ. ಕಲ್ಲಿನ ಪುರಾಣ ಬೇರೆ. ಮಳೆನೀರು ಗಾಳಿಯಿಂದಲೂ ಕೊಳೆತ ಎಲೆಗಳಿಂದಲೂ ಇಂಗಾಲಾಮ್ಲವನ್ನು ಎತ್ತಿಕೊಂಡು ತುಸು ಹುಳಿಯಾಗಿ ಸುಣ್ಣಕಲ್ಲಿನ ಸೀಳುಗಳಿಗೆ ಇಳಿಯುತ್ತದೆ, ಕಲ್ಲನ್ನು ಕರಗಿಸುತ್ತದೆ, ಸೀಳು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ. ಭೈರವೇಶ್ವರನ ಗುಡಿಯ ಹಿಂದೆ ಶಿಖರದ ಹೊಟ್ಟೆಯೊಳಗೇ ನಡೆದು ಹೋಗುತ್ತೇವಲ್ಲ, ಲಿಂಗದ ಮೇಲೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೆಲ್ಲ ಈ ಕೆಲಸವೇ. ಗಟ್ಟಿ ಕಗ್ಗಲ್ಲಿನ ಬೆಟ್ಟದಲ್ಲಿ ನೀರು ಮೈಮೇಲೆ ಹರಿದು ಕಣ್ಣಿಗೆ ಕಾಣುತ್ತದೆ. ಸುಣ್ಣಕಲ್ಲಿನ ಬೆಟ್ಟದಲ್ಲಿ ಅದು ಒಳಗೆ ಹೊಕ್ಕು ಮರೆಯಾಗುತ್ತದೆ, ಎಲ್ಲೋ ಕೆಳಗೆ ಒಮ್ಮೆಲೇ ಹೊರಬೀಳುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದಾಗಲೂ ಕಾಲ ಬಳಿ ನೀರು ಏರಬಹುದು. ಬೇಸಿಗೆಯಲ್ಲಿ ಇದೇ ಗುಣ ಉಲ್ಟಾ ಹೊಡೆಯುತ್ತದೆ: ಮಳೆಯನ್ನೆಲ್ಲ ನುಂಗಿದ ಎತ್ತರದ ಸುಣ್ಣಕಲ್ಲಿನ ಬೆಟ್ಟದಲ್ಲಿ ಕುಡಿಯಲು ಒಂದು ಬೊಗಸೆ ನೀರು ಸಿಗುವುದಿಲ್ಲ, ದಿನದ ನೀರನ್ನು ಕೆಳಗಿನಿಂದಲೇ ಹೊರಬೇಕು.

ಇದು ಗೊತ್ತಿಲ್ಲದ ನಿಷೇಧ ಎಷ್ಟು ಕುರುಡು ಎಂಬುದಕ್ಕೆ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೇ ಸಾಕ್ಷಿ. 2018ರ ಜೂನ್ 23ರಂದು ಫುಟ್‌ಬಾಲ್ ಅಭ್ಯಾಸ ಮುಗಿಸಿದ 12 ಹುಡುಗರು ತಮ್ಮ ತರಬೇತುದಾರನ ಜೊತೆ ಆ ಸುಣ್ಣಕಲ್ಲಿನ ಬೆಟ್ಟದೊಳಗೆ ಸಂಜೆಯ ಸುತ್ತಾಟಕ್ಕೆಂದು ಹೊಕ್ಕರು. ನೀರು ಏರಿತು. ಕೊನೆಯವರು ಹೊರಬಂದಿದ್ದು ಜುಲೈ 10ಕ್ಕೆ; ಅವರನ್ನು ಉಳಿಸಲು ಇಳಿದ ಒಬ್ಬ ಮುಳುಗುಗಾರ ಪ್ರಾಣ ಬಿಟ್ಟ. ಗುಹೆಯ ಬಾಯಲ್ಲಿ ಎಚ್ಚರಿಕೆಯ ಫಲಕ ಇರಲಿಲ್ಲವೇ? ಇತ್ತು. ಜುಲೈಯಿಂದ ನವೆಂಬರ್ ತನಕ ಅಪಾಯ ಎಂದು ಬರೆದಿತ್ತು. ಅವರು ಹೋಗಿದ್ದು ಜೂನ್‌ನಲ್ಲಿ. ಕ್ಯಾಲೆಂಡರ್ ನೋಡಿ ಬರೆದ ಫಲಕವನ್ನು ಮಳೆ ಓದಲಿಲ್ಲ. ನಮ್ಮ ಜಿಲ್ಲಾಡಳಿತಗಳ ಆದೇಶಗಳೂ ಕ್ಯಾಲೆಂಡರ್ ನೋಡಿಯೇ ಹುಟ್ಟುತ್ತವೆ, ಇಲ್ಲವೇ ಹೆಣ ನೋಡಿ. ಹತ್ತು ದಿನ ಮಳೆ ಬಿಡುವು ಕೊಟ್ಟಾಗಲೂ ಆದೇಶ ಜಾರಿಯಲ್ಲಿರುತ್ತದೆ, ಜನ ಅದನ್ನು ನೋಡಿ ನಗುತ್ತಾರೆ. ಅಕ್ಟೋಬರ್‌ನಲ್ಲಿ ಗುಡುಗಿನ ಮಳೆ ಒಂದು ತಾಸಿನಲ್ಲಿ ಹಳ್ಳ ತುಂಬಿಸಿದಾಗ ಆದೇಶ ಮುಗಿದಿರುತ್ತದೆ.

ಇನ್ನು ಅದೇ ವಾಸ್ಕೋ–ಯಾಣದ ದಾರಿಯಲ್ಲಿ ನಿಜವಾಗಿ ಸತ್ತವರ ಲೆಕ್ಕ ನೋಡಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿಯ ಸಂಸಾರ ಹೋಯಿತು, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು ಹೋದರು, ಗಂಗಾವಳಿಯ ಆಚೆ ದಂಡೆಯಲ್ಲಿದ್ದ ಮನೆಗಳಿಗೂ ನೀರು ಅಪ್ಪಳಿಸಿತು. ಕೇರಳದ ಚಾಲಕನೊಬ್ಬನ ಶವ ಲಾರಿಯ ಸಮೇತ ಹೊಳೆಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಗುಡ್ಡ ಕುಸಿದ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು; ಚಾಲಕ ಬದುಕಿದ್ದು ಪುಣ್ಯ. ಇವರಲ್ಲಿ ಯಾರೂ ಚಾರಣಕ್ಕೆ ಹೋದವರಲ್ಲ. ಸರ್ಕಾರ ಕಟ್ಟಿದ, ಸುಂಕ ವಸೂಲಾಗುವ, ನಕ್ಷೆಯಲ್ಲಿ ದಪ್ಪ ಗೆರೆಯಲ್ಲಿ ತೋರಿಸಿದ ದಾರಿಯಲ್ಲಿದ್ದವರು. ಚತುಷ್ಪಥಕ್ಕೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರ ಬಗ್ಗೆ ಎಷ್ಟು ದೂರು ಎದ್ದವು! ಗುಡ್ಡ ಕಡಿಯುವವನಿಗೆ ಮಳೆಗಾಲದ ನಿಷೇಧವಿಲ್ಲ, ಗುಡ್ಡ ಹತ್ತುವವನಿಗಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ ತಪ್ಪು. ಇಲ್ಲಿ ಕೊಯ್ಯುವುದು ಪಕ್ಕದ ಮನೆಯವನ ಮೂಗನ್ನು.

ನಿಷೇಧದ ಪರವಾಗಿ ಮಾತಾಡುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಹಗ್ಗ ಹಿಡಿದು ಇಳಿಯುವ ಅಗ್ನಿಶಾಮಕ ದಳದವನ ಜೀವಕ್ಕೆ ಬೆಲೆ ಇಲ್ಲವೇ, ಹೆಣ ಹುಡುಕಲು ಮಳೆಯಲ್ಲಿ ಎರಡು ದಿನ ಅಲೆಯುವ ಊರಿನವರು ಏನು ಪಾಪ ಮಾಡಿದ್ದಾರೆ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಿಷೇಧ ಆ ಊರಿನವರ ಕೆಲಸವನ್ನು ಕಡಿಮೆ ಮಾಡಿದೆಯೇ? ನಿಷೇಧಕ್ಕೆ ಹೆದರಿ ಮನೆಯಲ್ಲಿ ಉಳಿಯುವವರು ಯಾರು ನೋಡಿ: ಮಕ್ಕಳೊಂದಿಗೆ ಹೋಗುವ ಸಂಸಾರಸ್ಥರು, ಊರಿನ ಮಾರ್ಗದರ್ಶಿಯನ್ನು ದುಡ್ಡು ಕೊಟ್ಟು ಕರೆದೊಯ್ಯುವವರು, ಎರಡಕ್ಕೆ ಹಿಂದಿರುಗುವವರು. ಹೆದರದವರು ಚೆಕ್‌ಪೋಸ್ಟ್ ತಪ್ಪಿಸಿ ಹಿಂದಿನ ದಾರಿಯಿಂದ, ಕತ್ತಲಿರುವಾಗಲೇ, ಯಾರಿಗೂ ಹೇಳದೆ ಹೊಗುತ್ತಾರೆ. ಮೊದಲು ಗುಡ್ಡದ ಬುಡದ ಮನೆಯ ಅಜ್ಜನಿಗೆ ಒಂದು ಮಾತು ಹೇಳಿ, ಅವನ ಅಂಗಳದಲ್ಲಿ ಬೈಕು ನಿಲ್ಲಿಸಿ ಹೋಗುತ್ತಿದ್ದರು. ಸಂಜೆಯಾದರೂ ಬೈಕು ಅಲ್ಲೇ ನಿಂತಿದ್ದರೆ ಅಜ್ಜ ನಾಲ್ಕು ಜನರನ್ನು ಕೂಗುತ್ತಿದ್ದ. ಈಗ ಅಜ್ಜನಿಗೂ ಹೇಳುವಂತಿಲ್ಲ, ಅವನೂ ಕೇಸಿಗೆ ಹೆದರುತ್ತಾನೆ. ಬೈಕನ್ನು ಪೊದೆಯಲ್ಲಿ ಅಡಗಿಸುತ್ತಾರೆ. ಒಳಗೆ ಎಷ್ಟು ಜನ ಇದ್ದಾರೆ, ಎಷ್ಟು ಜನ ಹೊರಬಂದರು ಎಂಬ ಲೆಕ್ಕವೇ ಇಲ್ಲದ ಕಾಡನ್ನು ನಿಷೇಧ ತಯಾರಿಸಿಕೊಡುತ್ತದೆ. ಹುಡುಕುವವರು ಎರಡು ದಿನ ಅಲೆಯುವುದಕ್ಕೆ ಅರ್ಧ ಕಾರಣ ಇದೇ.

ಬಾಗಿಲು ಮುಚ್ಚುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಮೀನು ಮೊಟ್ಟೆಯಿಡುವ ಕಾಲ ಅದು ಎಂಬ ಕಾರಣ ಇದೆ, ಶುರು ಇದೆ, ಕೊನೆ ಇದೆ, ಬಲೆ ನೇಯುವವನಿಗೂ ಅದು ಗೊತ್ತಿದೆ. ಹಾಗೆಯೇ ಕಾಡಿನ ಹಿತಕ್ಕಾಗಿ ಜನರ ಸಂಖ್ಯೆಗೆ ಮಿತಿ ಹಾಕಿದರೆ ನಾನು ಮೊದಲು ಕೈಯೆತ್ತುತ್ತೇನೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸೇರಿದ ಸಾವಿರಾರು ಜನರ ಚಿತ್ರ ನೋಡಿದವರು ಯಾರೂ ಬೇಡವೆನ್ನರು. ಆಗ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆದು ಒಂದು ದಾರಿಗೆ ದಿನಕ್ಕೆ 300 ಜನ ಎಂದು ಗೊತ್ತುಮಾಡಿತು. ಒಳ್ಳೆಯದಾಯಿತು. ಆದರೆ ಈ ಮಿತಿ 301ನೆಯವನನ್ನು ತಡೆಯುತ್ತದೆಯೇ ಹೊರತು, ಒಳಗೆ ಹೋದ 300ರಲ್ಲಿ ಮಧ್ಯಾಹ್ನ ಎರಡಾದರೂ ಇನ್ನೂ ಏರುತ್ತಲೇ ಇರುವವನನ್ನು ತಡೆಯುವುದಿಲ್ಲ.

ಅವನಿಗೆ ಬೇಕಾದ ಲೆಕ್ಕ 1892ರಿಂದಲೂ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವನು ಹಾಕಿಕೊಟ್ಟ ಸೂತ್ರವನ್ನು ನಮ್ಮ ಅಳತೆಗೆ ತಂದರೆ ಹೀಗೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕುಮಾರಪರ್ವತ 1712 ಮೀಟರ್. ಕುಕ್ಕೆಯ ಕಡೆಯಿಂದ ಸುಮಾರು 13 ಕಿ.ಮೀ. ನಡಿಗೆ, 1600 ಮೀಟರಿನಷ್ಟು ಏರು. ನಡಿಗೆಗೆ ಎರಡೂವರೆ ತಾಸು, ಏರಿಗೆ ಎರಡೂವರೆಗೂ ಮೇಲೆ. ಒಟ್ಟು ಐದು ತಾಸು ದಾಟಿತು. ಇದು ಕಸುವುಳ್ಳವನಿಗೆ, ಒಣಗಿದ ದಾರಿಯಲ್ಲಿ, ಎಲ್ಲೂ ಕೂರದೆ ನಡೆದರೆ. ವಾರವೆಲ್ಲ ಕುರ್ಚಿಯಲ್ಲಿ ಕೂತು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವನಿಗೆ ಅದರ ಒಂದೂವರೆ ಪಟ್ಟು. ಇಳಿಯಲು ಮೊಣಕಾಲು ಕೇಳುವಷ್ಟು ಹೊತ್ತು ಬೇರೆ. ಬೆಳಿಗ್ಗೆ ಎಂಟಕ್ಕೆ ಹೊರಟವನು ಬೆಳಕಿರುವಾಗ ಕೆಳಗೆ ಬರಲಾರ. ಇದನ್ನು ಹೇಳಲು ಕಾನೂನು ಬೇಕಿಲ್ಲ, ಎಂಟನೇ ತರಗತಿಯ ಗಣಿತ ಸಾಕು.

ಅನುಮತಿ ಪತ್ರವೇ ಕಾಪಾಡುತ್ತದೆ ಎಂಬ ನಂಬಿಕೆ ನಿಷೇಧದ ಇನ್ನೊಂದು ಮುಖ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ತಂಡದಲ್ಲಿ 9 ಮಂದಿ ತೀರಿಕೊಂಡರು. ಅವರು ಕದ್ದು ಹೋದವರಲ್ಲ, ಎಳಸು ಹುಡುಗರೂ ಅಲ್ಲ. ನಡೆದು ಪಳಗಿದ ಹಿರಿಯರೂ ಅವರಲ್ಲಿದ್ದರು. ಅಲ್ಲಿ ಯಾರ ತಪ್ಪಿತ್ತೆಂದು ಇಲ್ಲಿ ಕೂತು ತೀರ್ಪು ಕೊಡುವುದು ಸಲ್ಲದು. ಆದರೆ ಬೆಟ್ಟದಲ್ಲಿ ಬದುಕು ಸಾವು ತೀರ್ಮಾನವಾಗುವುದು ಪತ್ರದಿಂದಲ್ಲ, ಗಾಳಿ ಮತ್ತು ಗಡಿಯಾರದಿಂದ ಎಂಬುದನ್ನು ಆ ಸಾವುಗಳಲ್ಲಿ ಕಂಡರೂ ಕಾಣದಂತೆ ನಾವು ಇರಬಾರದು.

ಹುಡುಗರು ಹೇಳಿದರೆ ಕೇಳುವುದಿಲ್ಲ ಎಂಬುದು ಕೊನೆಯ ವಾದ, ಎಲ್ಲಕ್ಕಿಂತ ಜನಪ್ರಿಯ ವಾದ. ಹೇಳಿ ನೋಡಿದ್ದು ಯಾವಾಗ? ಸ್ಲೊವೇನಿಯಾದ ಟ್ರಿಗ್ಲಾವ್ 2864 ಮೀಟರಿನ ಸುಣ್ಣಕಲ್ಲಿನ ಪರ್ವತ. ಬದುಕಿನಲ್ಲಿ ಒಮ್ಮೆ ಅದನ್ನು ಹತ್ತದವನು ಸ್ಲೊವೇನಿಯಾದವನೇ ಅಲ್ಲ ಎಂದು ಅಲ್ಲಿ ಮಾತಿದೆ, ಅಂದರೆ ಸೊಕ್ಕಿಗೆ ಅಲ್ಲೂ ಬರವಿಲ್ಲ. ಅವರು ಮಾಡಿದ್ದೇನು? 1922ರಿಂದ ಗುಡ್ಡದ ದಾರಿಗಳಲ್ಲಿ ಕಲ್ಲಿನ ಮೇಲೆ, ಮರದ ಮೇಲೆ ಒಂದೇ ಬಗೆಯ ಗುರುತು ಬರೆಯತೊಡಗಿದರು: ಬಿಳಿಯ ಬೊಟ್ಟು, ಸುತ್ತ ಕೆಂಪು ಬಳೆ. ಅಲೋಯ್ಸ್ ಕ್ನಾಫೆಲ್ಟ್ಸ್ ಎಂಬವರು ರೂಪಿಸಿದ ಆ ಗುರುತು ಈಗಲೂ ನಡೆಯುತ್ತಿದೆ. ಅಲ್ಲಿಯೂ ಜನ ಜಾರುತ್ತಾರೆ, ಸಾಯುತ್ತಾರೆ. ಸತ್ತರೆಂದು ಬೊಟ್ಟು ಅಳಿಸಿ ಪರ್ವತಕ್ಕೆ ಪೊಲೀಸರನ್ನು ಕಾವಲು ಹಾಕಲಿಲ್ಲ.

ನಮ್ಮಲ್ಲಿ ನಿಷೇಧದ ಆದೇಶವೇ ಜನರಿಗೆ ತಲುಪುವುದಿಲ್ಲ. ಗೋವಾದಲ್ಲಿ ಅದು ಇಂಗ್ಲಿಷಿನಲ್ಲಿ ಹೊರಡುತ್ತದೆ, ಪಿಡಿಎಫ್ ಆಗಿ ತಿರುಗುತ್ತದೆ. ಜುವಾರಿನಗರದ ಬಾಡಿಗೆ ಕೋಣೆಯಲ್ಲಿರುವ ಬಾದಾಮಿಯ ಹುಡುಗ ವಾರಕ್ಕೊಂದು ರಜೆಯಲ್ಲಿ ಎಲ್ಲಿಗಾದರೂ ಹೋಗಬೇಕೆಂದು ಹೊರಟಾಗ ಅವನ ಕೈಯಲ್ಲಿರುವುದು ರೀಲು, ಆದೇಶವಲ್ಲ. ತಡೆಯುವ ಪೇದೆ ಎದುರಾದಾಗಲೇ ಅವನಿಗೆ ವಿಷಯ ಗೊತ್ತಾಗುವುದು, ಅದೂ ಬೈಗುಳದ ರೂಪದಲ್ಲಿ. ಕನ್ನಡ, ಕೊಂಕಣಿ, ಮರಾಠಿ, ಹಿಂದಿಯಲ್ಲಿ ದಾರಿಯ ಬಾಯಲ್ಲೇ ಒಂದು ಫಲಕ ಇರಲಿ. ಅದರಲ್ಲಿ ಎಚ್ಚರಿಕೆ ಎಂಬ ಪದದ ಬದಲು ನಾಲ್ಕು ಸಂಗತಿ ಬರೆಯಲಿ: ಹೋಗಿ ಬರಲು ಎಷ್ಟು ತಾಸು, ಎಷ್ಟು ಗಂಟೆಯ ಮೇಲೆ ಒಳಗೆ ಬಿಡುವುದಿಲ್ಲ, ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು, ನಿನ್ನೆ ಎಷ್ಟು ಮಳೆಯಾಯಿತು. ಕೊನೆಯ ಸಾಲನ್ನು ದಿನಾ ಸೀಮೆಸುಣ್ಣದಲ್ಲಿ ಬರೆಯಬೇಕು. ಹಳ್ಳ ದಾಟುವ ಕಡೆ ಬಂಡೆಗೆ ಕೆಂಪು ಗೆರೆ ಎಳೆದು, ನೀರು ಇದನ್ನು ಮುಟ್ಟಿದ್ದರೆ ದಾಟಬೇಡಿ, ಕೂತಿರಿ ಎಂದು ಹೇಳಲಿ. ಪಾರ್ಕಿಂಗ್ ಚೀಟಿ ಹರಿಯುವ ಹುಡುಗನೇ ಹೆಸರು, ಫೋನು, ಒಳಹೋದ ಹೊತ್ತು ಬರೆದಿಟ್ಟುಕೊಳ್ಳಲಿ. ಸಂಜೆ ಆರಕ್ಕೆ ಪುಟ ತಿರುವಿ ಹೊರಬಾರದವರಿಗೆ ಫೋನು ಮಾಡಲಿ. ಮಳೆ ಒಂದು ಮಟ್ಟ ದಾಟಿದ ದಿನ ಅವನೇ ಹಗ್ಗ ಕಟ್ಟಿ ದಾರಿ ಮುಚ್ಚಲಿ, ಇಳಿದ ದಿನ ಅವನೇ ಬಿಚ್ಚಲಿ. ಈ ಕೆಲಸಕ್ಕೆ ಗುಡ್ಡದ ಬುಡದ ಊರಿನವರೇ ಬೇಕು, ಯಾಕೆಂದರೆ ಹೊಳೆಯ ಬಣ್ಣ ನೋಡಿ ಮೇಲಿನ ಮಳೆ ಹೇಳುವವರು ಅವರು ಮಾತ್ರ. ಕೆಲಸಕ್ಕೆ ಕೂಲಿ ಕೊಡಬೇಕು, ಸೇವೆ ಎಂದು ಪುಕ್ಕಟೆ ಮಾಡಿಸಿಕೊಳ್ಳಬಾರದು.

ಇದಕ್ಕೆಲ್ಲ ಅನುದಾನ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಎರಡು ಡಬ್ಬಿ ಬಣ್ಣ, ಒಂದು ಕುಂಚ, ಒಂದು ಹಲಗೆ, ಮಳೆ ಅಳೆಯುವ ಒಂದು ಪಾತ್ರೆ, ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಇಬ್ಬರ ನಾಲ್ಕು ತಿಂಗಳ ಕೂಲಿ. ಜಲಪಾತಕ್ಕೊಂದು ಬ್ಯಾರಿಕೇಡ್, ಬ್ಯಾರಿಕೇಡ್‌ಗೊಂದು ಜೀಪು, ಜೀಪಿಗೆ ನಾಲ್ವರು ಪೇದೆಗಳನ್ನು ಮಳೆಗಾಲವಿಡೀ ನಿಲ್ಲಿಸುವ ಖರ್ಚಿನ ಪಕ್ಕದಲ್ಲಿಟ್ಟು ಇದನ್ನು ಕೂಡಿಸಲಿ. ಟೆಂಡರ್ ಕರೆಯಲೇಬೇಕೆಂದರೂ ಸರಿ, ಫೆಬ್ರುವರಿಯಲ್ಲಿ ಕರೆದರೆ ಮೇ ಕೊನೆಗೆ ಬಣ್ಣ ಒಣಗಿರುತ್ತದೆ.